ದೇಹವೇದನೆಯೂ ಸಹನೆಯೂ

ಮನುಷ್ಯದೇಹವನ್ನು ತೊಟ್ಟು ಬಂದವನಿಗೆ ನೋವು ತಪ್ಪಿದುದಲ್ಲ. ಮುಳ್ಳು ತುಳಿದರೆ ಕಾಲು ನೋಯುವುದು. ಬೆಂಕಿ ಸೋಂಕಿದರೆ ಬೆರಳು ಉರಿಯುವುದು. ಈ ಬಗೆಯ ನೋವು ದೇಹಕ್ಕೆ ಕಾವಲುಗಾರನಿದ್ದಂತೆ. ಅಪಾಯವುಂಟೆಂದು ಕೂಗಿ ಎಚ್ಚರಿಸಿ, ಅಪಾಯವು ಕಳೆದೊಡನೆ ತಾನೂ ಸುಮ್ಮನಾಗುವುದು. ಆದರೆ ಇನ್ನೊಂದು ಬಗೆಯ ನೋವುಂಟು. ಅದು ಬೆನ್ನಿನಲ್ಲಿಯೋ ಮೊಣಕಾಲಿನಲ್ಲಿಯೋ ಕುತ್ತಿಗೆಯಲ್ಲಿಯೋ ಮನೆಮಾಡಿಕೊಂಡು, ತಿಂಗಳುಗಟ್ಟಲೆ, ವರ್ಷಗಟ್ಟಲೆ, ಏಳುವಾಗಲೂ ಕೂಡುವಾಗಲೂ ತನ್ನ ಇರವನ್ನು ನೆನಪಿಸುತ್ತಲೇ ಇರುವುದು. ಕಳ್ಳನು ಓಡಿಹೋದ ಮೇಲೆಯೂ ಇರುಳೆಲ್ಲ ಕೂಗುತ್ತಲೇ ಇರುವ ಕಾವಲುಗಾರನಂತೆ ಅದು ಮನೆಯವರ ನಿದ್ರೆಯನ್ನು ಕೆಡಿಸುವುದು. ಮೂರು ತಿಂಗಳನ್ನು ಮೀರಿ ನಿಂತ, ಇಲ್ಲವೆ ಮರಳಿ ಮರಳಿ ಬರುವ ನೋವನ್ನು ಇಂದಿನ ವೈದ್ಯಶಾಸ್ತ್ರವು ದೀರ್ಘಕಾಲದ ನೋವೆಂದು ಬೇರೆಯಾಗಿಯೇ ಎಣಿಸುವುದು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದಲ್ಲಿ ಅದಕ್ಕೆ ಪ್ರತ್ಯೇಕವಾದ ಸ್ಥಾನವೂ ದೊರೆತಿದೆ.

ಸದ್ಭಕ್ತರ ಮನೆಗಳಲ್ಲಿ ಇಂಥ ನೋವು ಅಪರೂಪವಲ್ಲ. ಅರವತ್ತನ್ನು ಸಮೀಪಿಸಿದ ತಾಯಿಯೊಬ್ಬಳನ್ನು ಕಣ್ಣಮುಂದೆ ತಂದುಕೊಳ್ಳಬಹುದು. ಬೆಳಗಿನ ಜಾವಕ್ಕೆ ಎದ್ದು, ಮಿಂದು, ಲಿಂಗಪೂಜೆಯನ್ನು ತೀರಿಸಿ, ರೊಟ್ಟಿ ಬಡಿದು, ಬಂದ ಜಂಗಮರಿಗೆ ಉಣಬಡಿಸಿ ಬಾಳಿದವಳು ಆಕೆ. ಮೊಣಕಾಲು ನೋಯತೊಡಗಿ ನಾಲ್ಕು ವರ್ಷಗಳಾದುವು. ಸೊಸೆ ಕೇಳಿದರೆ, "ಏನಿಲ್ಲವ್ವಾ, ವಯಸ್ಸಾತು" ಎಂದು ನಕ್ಕು ಮಾತು ಮರೆಸುವಳು. ಮೊದಲು ಪುರಾಣ ಕೇಳಲು ಮಠಕ್ಕೆ ಹೋಗುವುದು ನಿಂತಿತು. ಬಳಿಕ ನೆರೆಮನೆಗೆ ಹೋಗುವುದೂ ನಿಂತಿತು. ಈಗ ಹಗಲೆಲ್ಲ ಗೋಡೆಗೆ ಒರಗಿ ಕುಳಿತಿರುವಳು. ಬಂಧುಗಳು ಆಕೆಯನ್ನು ಸಹನೆಯ ಮೂರ್ತಿಯೆಂದು ಕೊಂಡಾಡುವರು. ಇಲ್ಲಿಯೇ ವಿಚಾರವಂತರು ನಿಂತು ಕೇಳಬೇಕಾದ ಪ್ರಶ್ನೆಯೊಂದಿದೆ: ಇದು ನಿಜವಾಗಿ ಸಹನೆಯೇ? ಅಥವಾ ಸಹನೆಯ ವೇಷ ತೊಟ್ಟ ಉಪೇಕ್ಷೆಯೇ?

ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಬಹುಕಾಲದ ನೋವು ದೇಹದಲ್ಲಿ ಏನು ಮಾಡುವುದೆಂಬುದನ್ನು ತಿಳಿಯುವುದು ಅವಶ್ಯ. ನೋವು ಮೊಣಕಾಲಿನದು, ಕೆಡುವುದೂ ಮೊಣಕಾಲು ಮಾತ್ರವೇ ಎಂದು ಸಾಮಾನ್ಯರು ಭಾವಿಸುವರು. ಈ ಭಾವನೆಯು ತಪ್ಪು. ಮನೆಯ ಒಂದು ಮೂಲೆಯಲ್ಲಿ ನೀರು ಸೋರತೊಡಗಿದರೆ ಆ ಮೂಲೆಯಷ್ಟೇ ಕೆಡುವುದಿಲ್ಲ. ತೇವವು ಗೋಡೆಯಿಂದ ಗೋಡೆಗೆ ಹಬ್ಬಿ ಕೊನೆಗೆ ತೊಲೆಯನ್ನೂ ಹಿಡಿಯುವುದು. ದೀರ್ಘಕಾಲದ ನೋವಿನ ಗತಿಯೂ ಅಂತೆಯೇ.

ಮೊಣಕಾಲಿನ ಕೀಲಿನಲ್ಲಿ ಎಲುಬುಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿರುವುದು. ಅದು ಸವೆದಾಗ ಕೀಲು ನೋಯುವುದು, ಬಿಗಿಯುವುದು. ನೋವಿಗೆ ಅಂಜಿ ಮನುಷ್ಯನು ನಡೆಯುವುದನ್ನು ಕಡಿಮೆಮಾಡುವನು. ನಡೆಯದ ಕಾಲಿನ ತೊಡೆಯ ಸ್ನಾಯುಗಳು ಕೆಲವೇ ವಾರಗಳಲ್ಲಿ ಸೊರಗುವುವು. ಕೀಲಿನ ಭಾರವನ್ನು ಹಂಚಿಕೊಳ್ಳುವುವು ಈ ಸ್ನಾಯುಗಳೇ ಆದುದರಿಂದ, ಅವು ಸೊರಗಿದಷ್ಟೂ ಕೀಲಿನ ಮೇಲೆ ಹೊರೆ ಹೆಚ್ಚುವುದು. ಹೊರೆ ಹೆಚ್ಚಿದಷ್ಟೂ ನೋವು ಹೆಚ್ಚುವುದು. ಇತ್ತ ನಡಿಗೆಯಿಲ್ಲದ ದೇಹದ ತೂಕ ಏರುವುದು. ದೇಹದ ತೂಕವು ಒಂದು ಕಿಲೋ ಇಳಿದರೆ ಪ್ರತಿಯೊಂದು ಹೆಜ್ಜೆಯಲ್ಲಿಯೂ ಮೊಣಕಾಲಿನ ಮೇಲಣ ಭಾರವು ಸುಮಾರು ನಾಲ್ಕು ಕಿಲೋದಷ್ಟು ಇಳಿಯುವುದೆಂದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಅಳೆದು ತೋರಿಸಿತು. ಏರಿದ ತೂಕದ ಲೆಕ್ಕವನ್ನು ಇದರಿಂದಲೇ ಊಹಿಸಬಹುದು. ಹೀಗೆ ನೋವು ನಿಶ್ಚಲತೆಗೂ ನಿಶ್ಚಲತೆಯು ಇಮ್ಮಡಿ ನೋವಿಗೂ ಕಾರಣವಾಗಿ ಗಾಣದೆತ್ತಿನಂತೆ ದೇಹವು ಸುತ್ತಿದಲ್ಲಿಯೇ ಸುತ್ತುವುದು.

ಕೆಡುಕು ಇಷ್ಟಕ್ಕೆ ನಿಲ್ಲದು. ನಡಿಗೆ ತಪ್ಪಿದವನ ರಕ್ತದಲ್ಲಿ ಸಕ್ಕರೆ ಏರಲು ದಾರಿಯಾಗುವುದು. ಹೃದಯದ ಬಲ ಕುಗ್ಗುವುದು. ಎಲುಬುಗಳು ಗಟ್ಟಿತನವನ್ನು ಕಳೆದುಕೊಳ್ಳುವುವು. ನೋವನ್ನು ಅಪಾಯವೆಂದೇ ತಿಳಿಯುವ ದೇಹವು ಸದಾ ಯುದ್ಧಕ್ಕೆ ಸನ್ನದ್ಧವಾದ ಸೈನ್ಯದಂತೆ ಇರುವುದು. ನಾಡಿ ವೇಗವಾಗಿ ಬಡಿಯುವುದು, ರಕ್ತದೊತ್ತಡ ಏರುವುದು. ಆಪತ್ತಿನ ಹೊತ್ತಿಗೆ ಮಾತ್ರ ಹೆಚ್ಚಬೇಕಾದ ಗ್ರಂಥಿರಸಗಳ ಕ್ರಮವು ತಪ್ಪುವುದು. ಒಂದು ದಿನದ ಯುದ್ಧಸನ್ನಾಹವು ರಾಜ್ಯವನ್ನು ಕಾಯುವುದು. ವರ್ಷಗಟ್ಟಲೆ ನಡೆದ ಯುದ್ಧಸನ್ನಾಹವು ಬೊಕ್ಕಸವನ್ನು ಬರಿದುಮಾಡುವುದು. ಅಲ್ಲದೆ ವೃದ್ಧರು ನೋಯುವ ಕಾಲನ್ನು ಸರಿಯಾಗಿ ಊರಲಾರದೆ ಬೀಳುವರು. ಬಿದ್ದು ಸೊಂಟದ ಎಲುಬು ಮುರಿದುಕೊಂಡ ವೃದ್ಧರಲ್ಲಿ ಅನೇಕರು ಮೊದಲಿನಂತೆ ಎದ್ದು ಓಡಾಡಲಾರರೆಂಬುದು ಎಲ್ಲರೂ ಕಂಡುದೇ ಆಗಿದೆ.

ನಿದ್ರೆಯ ಮಾತು ಇನ್ನೂ ಮುಖ್ಯವಾದುದು. ನೋಯುವವನಿಗೆ ನಿದ್ರೆ ಬಾರದು. ನಿದ್ರೆ ಕೆಟ್ಟವನಿಗೆ ಮರುದಿನ ಅದೇ ನೋವು ಹೆಚ್ಚಾಗಿ ತೋರುವುದು. ಇದು ಪರೀಕ್ಷೆಗಳಿಂದ ದೃಢಪಟ್ಟ ಸಂಗತಿ. ನಿದ್ರೆಯಿಲ್ಲದವನ ಮನಸ್ಸು ಕುಗ್ಗುವುದು, ಊಟ ರುಚಿಸದು, ಸಿಟ್ಟು ಬೇಗನೆ ಬರುವುದು, ಜಪಕ್ಕೆ ಕುಳಿತರೆ ಚಿತ್ತ ನಿಲ್ಲದು. ಹಿಂದೆ ಮೃದುವಾಗಿದ್ದ ತಾಯಿ ಈಗ ಮೊಮ್ಮಕ್ಕಳ ಮೇಲೆ ಸಿಡುಕುತ್ತಿದ್ದರೆ ಅದು ಸ್ವಭಾವದ ದೋಷವಲ್ಲ, ಬಹುಮಟ್ಟಿಗೆ ನಿದ್ರೆಯಿಲ್ಲದ ಇರುಳುಗಳ ಫಲ.

ನೋವಿನ ಅಂಕೆಯು ಕೊನೆಗೆ ನರಗಳನ್ನೂ ಮಿದುಳನ್ನೂ ಮುಟ್ಟುವುದು. ಬಹುಕಾಲ ನೋವಿನ ಸುದ್ದಿಯನ್ನು ಹೊತ್ತ ಬೆನ್ನುಹುರಿಯ ನರಗಳು ಸಣ್ಣ ಸುದ್ದಿಯನ್ನೂ ದೊಡ್ಡದಾಗಿಸಿ ಸಾಗಿಸುವ ಅಭ್ಯಾಸವನ್ನು ಪಡೆಯುವುವೆಂಬುದಕ್ಕೆ 1983ರಲ್ಲಿ ಕ್ಲಿಫರ್ಡ್ ವುಲ್ಫ್ ಎಂಬ ವಿಜ್ಞಾನಿಯು ಪ್ರಯೋಗದಿಂದ ಆಧಾರವನ್ನು ಒದಗಿಸಿದನು. ಅಂಥ ಸ್ಥಿತಿಯಲ್ಲಿ ಮೆಲ್ಲನೆ ಮುಟ್ಟಿದರೂ ನೋಯುವುದು. ಸೊಂಟದ ಕೀಲು ಸವೆದು ವರ್ಷಗಟ್ಟಲೆ ನೊಂದವರ ಮಿದುಳನ್ನು ಜರ್ಮನಿಯ ವೈದ್ಯರು ಪರೀಕ್ಷಿಸಿದಾಗ ಕೆಲವು ಭಾಗಗಳು ಕುಗ್ಗಿದ್ದುದು ಕಂಡುಬಂದಿತು. ಶಸ್ತ್ರಚಿಕಿತ್ಸೆಯಾಗಿ ನೋವು ನಿಂತ ಮೇಲೆ ಕುಗ್ಗಿದ್ದ ಭಾಗಗಳು ಮತ್ತೆ ಬೆಳೆದುವು. 2009ರಲ್ಲಿ ಪ್ರಕಟವಾದ ಈ ಸಂಗತಿಯಲ್ಲಿ ಎಚ್ಚರಿಕೆಯೂ ಉಂಟು, ಆಶ್ವಾಸನವೂ ಉಂಟು. ಉಪೇಕ್ಷಿಸಿದ ನೋವು ಆಳಕ್ಕೆ ಇಳಿಯುವುದು. ಆದರೆ ಉಪಚರಿಸಿದರೆ ಅಷ್ಟು ಆಳದಲ್ಲಿ ಆದ ಕೆಡುಕೂ ತಿದ್ದಿಕೊಳ್ಳುವುದು.

ವೇದನೆಯು ದೇಹದಲ್ಲಿ ಮಾತ್ರವಲ್ಲ, ಮನಸ್ಸಿನಲ್ಲಿಯೂ ನೆಲೆಸುವುದೆಂಬ ವಿಚಾರವು ಈ ದೇಶಕ್ಕೆ ಹೊಸದಲ್ಲ. ಚರಕಸಂಹಿತೆಯ ಶಾರೀರಸ್ಥಾನದ ಮೊದಲ ಅಧ್ಯಾಯವು ಮನಸ್ಸನ್ನೂ ಇಂದ್ರಿಯಸಹಿತವಾದ ದೇಹವನ್ನೂ ವೇದನೆಯ ಅಧಿಷ್ಠಾನವೆಂದು ಹೇಳಿರುವುದು. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ರಣರಂಗದಲ್ಲಿ ಸೇವೆ ಸಲ್ಲಿಸಿದ ಬೀಚರ್ ಎಂಬ ಅಮೆರಿಕದ ವೈದ್ಯನು, ತೀವ್ರವಾಗಿ ಗಾಯಗೊಂಡ ಸೈನಿಕರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ನೋವಿನ ಮದ್ದೇ ಬೇಡವೆಂದುದನ್ನು 1946ರಲ್ಲಿ ಬರೆದನು. ಜೀವ ಉಳಿಯಿತು, ಇನ್ನು ಊರಿಗೆ ಮರಳುವೆನೆಂಬ ನೆಮ್ಮದಿಯು ಗಾಯದ ನೋವನ್ನು ತಗ್ಗಿಸಿತ್ತೆಂದು ಅವನು ವಿವರಿಸಿದನು. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿದ್ವಾಂಸರು ಬೆನ್ನುಹುರಿಯಲ್ಲಿ ನೋವಿನ ಸುದ್ದಿಯನ್ನು ಒಳಗೆ ಬಿಡುವ, ತಡೆಯುವ ಬಾಗಿಲಿನಂಥ ವ್ಯವಸ್ಥೆಯಿದೆಯೆಂದೂ, ಮಿದುಳಿನಿಂದ ಇಳಿದು ಬರುವ ಸಂದೇಶಗಳೂ ಆ ಬಾಗಿಲನ್ನು ತೆರೆದು ಮುಚ್ಚುವುವೆಂದೂ ಸಿದ್ಧಾಂತವನ್ನು ಮಂಡಿಸಿದರು. ಭಯವೂ ಒಂಟಿತನವೂ ಬಾಗಿಲನ್ನು ತೆರೆಯುವುವು. ಧೈರ್ಯವೂ ಸತ್ಸಂಗವೂ ಅದನ್ನು ಮುಚ್ಚುವುವು ಎಂದು ಇದರ ತಾತ್ಪರ್ಯವನ್ನು ಗ್ರಹಿಸಬಹುದು. ಆದರೆ ಮನಸ್ಸಿಗೂ ಪಾಲಿದೆಯೆಂದ ಮಾತ್ರಕ್ಕೆ ನೋವು ಸುಳ್ಳಲ್ಲ. 'ಎಲ್ಲವೂ ಮನಸ್ಸಿನ ಕಲ್ಪನೆ' ಎಂದು ನೊಂದವರನ್ನು ಹಳಿಯುವುದು ಅಜ್ಞಾನದ ಮಾತು.

ಇನ್ನು ಮೊದಲಿನ ಪ್ರಶ್ನೆಗೆ ಬರಬಹುದು. ವಚನಗಳಲ್ಲಿ ದೇಹವನ್ನು ಕುರಿತು ಎರಡು ಬಗೆಯ ನೋಟಗಳು ದೊರೆಯುವುವು. ಒಂದರಲ್ಲಿ ದೇಹವು ಅಳಿಯುವಂಥದು, ಅದರ ಮೋಹ ಸಲ್ಲದೆಂಬ ವೈರಾಗ್ಯವಿರುವುದು. ಇನ್ನೊಂದರಲ್ಲಿ ದೇಹವನ್ನೇ ದೇವಾಲಯದ ಪದವಿಯಲ್ಲಿ ನಿಲ್ಲಿಸಿದ ಗೌರವವಿರುವುದು. ಮೊದಲನೆಯದನ್ನು ಮಾತ್ರ ಹಿಡಿದವರು, ದೇಹಕ್ಕೆ ಏನಾದರೇನು, ಸಹಿಸುವುದೇ ಧರ್ಮವೆನ್ನುವರು. ಆದರೆ ಈ ಎರಡರ ನಡುವೆ ವಿರೋಧವಿಲ್ಲ. ಬಿಡಬೇಕಾದುದು ದೇಹವು ತನ್ನದೆಂಬ ಅಭಿಮಾನ. ನೋಡಿಕೊಳ್ಳಬೇಕಾದುದು ಲಿಂಗವು ನೆಲೆಸಿದ ದೇಹವನ್ನು. ಗುಡಿಯು ಅರ್ಚಕನ ಸ್ವಂತ ಸೊತ್ತಲ್ಲವೆಂದು ಅವನು ಅದರ ಮಾಳಿಗೆ ಸೋರುವುದನ್ನು ನೋಡುತ್ತ ಕುಳಿತರೆ ಅದನ್ನು ವೈರಾಗ್ಯವೆಂದು ಯಾರೂ ಕರೆಯರು. ಸ್ವಂತ ಸೊತ್ತಲ್ಲವಾದುದರಿಂದಲೇ ಅವನ ಹೊಣೆ ಹೆಚ್ಚು.

ಶರಣಧರ್ಮವು ಕಾಯಕದ ಧರ್ಮವೆಂಬುದನ್ನೂ ಇಲ್ಲಿ ಮರೆಯಲಾಗದು. ಹಗ್ಗ ಹೊಸೆದ ನುಲಿಯ ಚಂದಯ್ಯನಿಗೆ ಬೆರಳುಗಳು ಬೇಕು. ದೋಣಿ ನಡೆಸಿದ ಅಂಬಿಗರ ಚೌಡಯ್ಯನಿಗೆ ತೋಳು ಬೇಕು. ಅಕ್ಕಿಯನ್ನು ಆಯ್ದು ತಂದ ಮಾರಯ್ಯನಿಗೆ ಬಾಗುವ ಬೆನ್ನು ಬೇಕು. ಅಂಗವಿಲ್ಲದೆ ಕಾಯಕವಿಲ್ಲ, ಕಾಯಕವಿಲ್ಲದೆ ದಾಸೋಹವಿಲ್ಲ. ನೋವನ್ನು ಮುಚ್ಚಿಟ್ಟು ನಡೆದಾಡುವ ಶಕ್ತಿಯನ್ನೇ ಕಳೆದುಕೊಂಡವನು ತನಗೆ ಮಾತ್ರ ಕೇಡು ಮಾಡಿಕೊಂಡವನಲ್ಲ. ಸಮಾಜಕ್ಕೆ ಸಲ್ಲಬೇಕಾದ ಸೇವೆಯನ್ನೂ ಕಡಿದವನು. ಶರಣರ ಸಮೂಹದಲ್ಲಿ ವೈದ್ಯವನ್ನೇ ಕಾಯಕವಾಗಿ ಕೈಕೊಂಡ ವೈದ್ಯ ಸಂಗಣ್ಣನಿದ್ದನು. ರೋಗಕ್ಕೆ ಮದ್ದು ಕೊಡುವುದು ಶಿವನಿಗೆ ಒಪ್ಪಿತವಾದ ಕಾಯಕವಾದರೆ, ಮದ್ದು ತೆಗೆದುಕೊಳ್ಳುವುದು ಭಕ್ತಿಗೆ ಕುಂದು ಹೇಗಾದೀತು?

'ನೋವು ಪೂರ್ವಕರ್ಮದ ಫಲ. ಉಂಡೇ ತೀರಿಸಬೇಕು' ಎಂಬ ಆಕ್ಷೇಪವು ಕೆಲವರಿಂದ ಬರುವುದು. ಹಸಿವೂ ಕರ್ಮಫಲವೆಂದು ಶರಣರು ಹಸಿದವನನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸಲಿಲ್ಲ, ಅವನಿಗೆ ಅನ್ನವಿಕ್ಕಿದರು. ಹಸಿವಿಗೆ ಇಲ್ಲದ ಕರ್ಮದ ಲೆಕ್ಕವು ನೋವಿಗೆ ಮಾತ್ರ ಏಕೆ ಬರಬೇಕು? ನೋವು ಹೇಗೆ ಬಂದಿತೆಂಬುದು ಒಂದು ಪ್ರಶ್ನೆ. ಬಂದ ನೋವಿನ ಮುಂದೆ ಮನುಷ್ಯನು ಹೇಗೆ ನಡೆದುಕೊಳ್ಳಬೇಕೆಂಬುದು ಇನ್ನೊಂದು ಪ್ರಶ್ನೆ. ಧರ್ಮವಿರುವುದು ಎರಡನೆಯದರಲ್ಲಿ.

ಷಟ್‌ಸ್ಥಲಗಳಲ್ಲಿ ಭಕ್ತನದು ಶ್ರದ್ಧಾಭಕ್ತಿ, ಮಹೇಶನದು ನೈಷ್ಠಿಕಭಕ್ತಿ, ಪ್ರಸಾದಿಯದು ಅವಧಾನಭಕ್ತಿ. ಈ ಅವಧಾನವೆಂಬ ಮಾತನ್ನು ಮನನ ಮಾಡಬೇಕು. ದೊರೆತುದನ್ನೆಲ್ಲ ಪ್ರಸಾದವೆಂದು ಸ್ವೀಕರಿಸುವವನು ಅದನ್ನು ಎಚ್ಚರದಿಂದ ಸ್ವೀಕರಿಸುವನು. ಒಂದು ಅಗುಳೂ ನೆಲಕ್ಕೆ ಬೀಳದಂತೆ ಕಾಯುವನು. ದೇಹವೂ ಪ್ರಸಾದವೇ ಆದಲ್ಲಿ ಅದರ ವಿಷಯದಲ್ಲಿಯೂ ಅವಧಾನವು ಬೇಕಾಗುವುದು. ನೋವು ಎಲ್ಲಿ ಹುಟ್ಟಿತು, ಯಾವಾಗ ಏರಿತು, ಯಾವುದರಿಂದ ಇಳಿಯಿತು ಎಂದು ಗಮನಿಸಿ ಬಲ್ಲವರಿಗೆ ತಿಳಿಸುವುದು ಅಂಥ ಅವಧಾನ. ನೋವಿಲ್ಲವೆಂದು ನಟಿಸುವುದರಲ್ಲಿ ಅವಧಾನವಿಲ್ಲ, ಸತ್ಯವೂ ಇಲ್ಲ.

ಹಾಗಾದರೆ ನೊಂದ ಗೃಹಸ್ಥನು ಮಾಡತಕ್ಕುದೇನು? ಮೊದಲನೆಯದಾಗಿ ಹೇಳಿಕೊಳ್ಳಬೇಕು, ವೈದ್ಯರಿಗೆ ತೋರಿಸಬೇಕು. ನೋವಿನೊಡನೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಕಾಲು ಜೋಮು ಹಿಡಿದು ಬಲಗುಂದುವುದು, ಮಲಮೂತ್ರಗಳ ಅಂಕೆ ತಪ್ಪುವುದು ಇವುಗಳಲ್ಲಿ ಯಾವುದು ಕಂಡರೂ ಒಂದು ದಿನವೂ ತಡೆಯಲಾಗದು. ಎರಡನೆಯದಾಗಿ, ಹಾಸಿಗೆ ಹಿಡಿಯುವುದೇ ಮದ್ದೆಂಬ ಹಳೆಯ ನಂಬಿಕೆಯನ್ನು ಬಿಡಬೇಕು. 1986ರಲ್ಲಿ ಅಮೆರಿಕದಲ್ಲಿ ಬೆನ್ನುನೋವಿನ 203 ಮಂದಿಯಲ್ಲಿ ಕೆಲವರಿಗೆ ಎರಡು ದಿನ, ಉಳಿದವರಿಗೆ ಏಳು ದಿನ ಮಲಗಿರಲು ಹೇಳಿ ನೋಡಿದರು. ಗುಣದಲ್ಲಿ ಭೇದ ಕಾಣಲಿಲ್ಲ; ಎರಡೇ ದಿನ ಮಲಗುವಂತೆ ಹೇಳಿಸಿಕೊಂಡವರು ಕೆಲಸ ತಪ್ಪಿಸಿದ ದಿನಗಳು ಮಾತ್ರ ನೂರಕ್ಕೆ 45ರಷ್ಟು ಕಡಿಮೆಯಾಗಿದ್ದುವು. ಮೊಣಕಾಲು ನೋಯುವವರೂ ಅಷ್ಟೇ. ವೈದ್ಯರ ಸಲಹೆಯಂತೆ ಮಿತವಾಗಿ ನಡೆಯುವುದು, ಕುರ್ಚಿಯಲ್ಲಿ ಕುಳಿತು ಕಾಲನ್ನು ನೀಟಾಗಿ ಚಾಚಿ ಎತ್ತಿ ಹಿಡಿದು ತೊಡೆಗೆ ಬಲ ತರುವುದು, ತೂಕವನ್ನು ಇಳಿಸುವುದು, ಇವು ಗುಳಿಗೆಗಿಂತಲೂ ಹೆಚ್ಚು ಕಾಲ ಫಲ ಕೊಡುವುವು.

ಮೂರನೆಯದಾಗಿ ಮದ್ದಿನ ವಿಷಯದಲ್ಲಿ ವಿವೇಕ ಬೇಕು. ಅಂಗಡಿಯಿಂದ ತಾವೇ ನೋವಿನ ಗುಳಿಗೆ ತಂದು ತಿಂಗಳುಗಟ್ಟಲೆ ನುಂಗುವವರ ಜಠರದಲ್ಲಿ ಹುಣ್ಣಾಗಿ ರಕ್ತ ಸೋರಬಹುದು, ಮೂತ್ರಪಿಂಡಗಳು ಕೆಡಬಹುದು, ರಕ್ತದೊತ್ತಡ ಏರಬಹುದು. ಸಂತೆಯಲ್ಲಿ ಮಾರುವ ಹೆಸರಿಲ್ಲದ ಪುಡಿಗಳು ಇನ್ನೂ ಅಪಾಯಕರ. ಅಂಥ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರಕೆಯಿದ್ದುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಅವು ಮೊದಲ ವಾರದಲ್ಲಿ ಪವಾಡದಂತೆ ಗುಣ ತೋರಿ, ಬಳಿಕ ಎಲುಬನ್ನು ಸವೆಸಿ, ಸಕ್ಕರೆಯನ್ನು ಏರಿಸುವುವು.

ಪೂಜೆಯ ವಿಷಯದಲ್ಲಿ ಅನೇಕರಿಗೆ ಒಂದು ಸಂಕೋಚವುಂಟು. ನೆಲದ ಮೇಲೆ ಪದ್ಮಾಸನದಲ್ಲಿ ಕೂಡಲಾರದವರು ಹಲ್ಲು ಕಚ್ಚಿ ಕುಳಿತು ನೋವನ್ನು ಹೆಚ್ಚಿಸಿಕೊಳ್ಳುವರು, ಇಲ್ಲವೆ ನಿತ್ಯಪೂಜೆಯನ್ನೇ ಮೊಟಕು ಮಾಡುವರು. ಎರಡೂ ಬೇಡ. ಇಷ್ಟಲಿಂಗದ ಪೀಠವು ಕರತಲ. ಮಣೆಯೂ ಚಾಪೆಯೂ ಪೂಜಿಸುವವನ ಅನುಕೂಲಕ್ಕಾಗಿ ಇರುವಂಥವು. ಎತ್ತರದ ಪೀಠದ ಮೇಲೆ ಕಾಲು ಇಳಿಬಿಟ್ಟು, ಬೆನ್ನು ನೇರವಾಗಿಟ್ಟು, ಲಿಂಗದಲ್ಲಿ ದೃಷ್ಟಿಯನ್ನು ನಿಲ್ಲಿಸಿದವನ ಪೂಜೆಗೆ ಕೊರತೆಯಿಲ್ಲ. ಮೊಣಕಾಲಿನಲ್ಲಿ ನಿಂತ ಮನಸ್ಸಿಗಿಂತ ಲಿಂಗದಲ್ಲಿ ನಿಂತ ಮನಸ್ಸು ಮೇಲು.

ನೊಂದವನ ಕರ್ತವ್ಯವು ಹೀಗಾದರೆ ಮನೆಯವರ ಕರ್ತವ್ಯವು ಇದಕ್ಕಿಂತ ಕಿರಿದಲ್ಲ. ನೋವು ಕಣ್ಣಿಗೆ ಕಾಣುವ ವಸ್ತುವಲ್ಲ. ಮುರಿದ ಕೈಗೆ ಪಟ್ಟಿ ಕಟ್ಟಿರುವುದನ್ನು ಕಂಡು ಎಲ್ಲರೂ ಮರುಗುವರು. ವರ್ಷಗಟ್ಟಲೆಯ ಬೆನ್ನುನೋವಿಗೆ ಪಟ್ಟಿಯಿಲ್ಲ, ಗಾಯವಿಲ್ಲ, ಸಾಕ್ಷಿಯಿಲ್ಲ. ಲೋಕದಲ್ಲಿ 2020ರ ಹೊತ್ತಿಗೆ ಬೆನ್ನಿನ ಕೆಳಭಾಗದ ನೋವಿನಿಂದ ಬಳಲುತ್ತಿದ್ದವರು ಸುಮಾರು 61 ಕೋಟಿ 90 ಲಕ್ಷವೆಂದು ಅಂದಾಜು ಮಾಡಲಾಗಿದೆ. ಇವರೆಲ್ಲ ಸೋಮಾರಿಗಳಾಗಿರಲು ಸಾಧ್ಯವಿಲ್ಲ. ನೋವನ್ನು ಅಧ್ಯಯನ ಮಾಡುವ ಅಂತಾರಾಷ್ಟ್ರೀಯ ಸಂಸ್ಥೆಯು 2020ರಲ್ಲಿ ನೋವಿನ ಲಕ್ಷಣವನ್ನು ಪರಿಷ್ಕರಿಸಿದಾಗ, ನೊಂದವನು ಹೇಳಿದ ಮಾತನ್ನು ಗೌರವಿಸಬೇಕೆಂಬುದನ್ನು ಸ್ಪಷ್ಟವಾಗಿ ಸೇರಿಸಿತು. ಲಂಡನ್ನಿನಲ್ಲಿ 1967ರಲ್ಲಿ ಮರಣೋನ್ಮುಖರ ಸೇವೆಗಾಗಿ ಆಲಯವೊಂದನ್ನು ತೆರೆದ ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆಯು, ದೇಹದ ನೋವು, ಮನಸ್ಸಿನ ನೋವು, ಸಂಸಾರದ ಚಿಂತೆ, ಆತ್ಮದ ಕಳವಳ ಇವು ನಾಲ್ಕೂ ಸೇರಿ ಒಂದೇ ಸಮಗ್ರವಾದ ನೋವೆಂದು ಕಂಡಳು. ನಾಲ್ಕರಲ್ಲಿ ಒಂದಕ್ಕೆ ಮಾತ್ರ ಗುಳಿಗೆಯುಂಟು. ಉಳಿದುವಕ್ಕೆ ಮನುಷ್ಯರೇ ಮದ್ದು.

ಪಂಚಾಚಾರಗಳಲ್ಲಿ ಭೃತ್ಯಾಚಾರವು ತಾನು ಎಲ್ಲರಿಗೂ ಕಿಂಕರನೆಂಬ ಭಾವವನ್ನು ಬೋಧಿಸುವುದು. ಮಠದಲ್ಲಿ ಪಾತ್ರೆ ತೊಳೆದು ಬಂದವನು ಮನೆಯಲ್ಲಿ ತಾಯಿಯ ನೋವನ್ನು ಕೇಳದಿದ್ದರೆ ಆ ಆಚಾರವು ಅರ್ಧವಾಯಿತು. ಅಡುಗೆಯ ಕಟ್ಟೆಯನ್ನು ನಿಂತು ಮಾಡುವಷ್ಟು ಎತ್ತರಿಸುವುದು, ಬಚ್ಚಲಿನ ಗೋಡೆಗೆ ಹಿಡಿದು ಏಳಲು ಹಿಡಿಕೆ ಹಾಕಿಸುವುದು, ನೀರಿನ ಕೊಡವನ್ನು ತಾನೇ ಎತ್ತುವುದು, ಸಂಜೆ ಆಕೆಯ ಕೈಹಿಡಿದು ಮಠದವರೆಗೆ ನಿಧಾನವಾಗಿ ನಡೆಸಿಕೊಂಡು ಹೋಗುವುದು, ಇವೆಲ್ಲ ಸಣ್ಣ ಕೆಲಸಗಳು. ಆದರೆ ಇವುಗಳಿಂದ ನಡಿಗೆ ಮರಳುವುದು. ನಡಿಗೆಯೊಡನೆ ನಿದ್ರೆ, ನಿದ್ರೆಯೊಡನೆ ಪ್ರಸನ್ನತೆ ಮರಳುವುದು. ಕೆಡುಕು ಯಾವ ದಾರಿಯಿಂದ ಹಬ್ಬಿತೋ ಅದೇ ದಾರಿಯಿಂದ ಒಳಿತೂ ಹಬ್ಬುವುದು.

ಇಷ್ಟಾದರೂ ಪೂರ್ಣವಾಗಿ ಅಳಿಯದ ನೋವು ಕೆಲವರ ಪಾಲಿಗೆ ಉಳಿಯುವುದು. ಸವೆದ ಕೀಲು ಹೊಸದಾಗದು. ವೈದ್ಯರು ತಮ್ಮಿಂದಾದುದನ್ನು ಮಾಡಿ ಕೈಚೆಲ್ಲುವ ಸಂದರ್ಭವೂ ಉಂಟು. ನಿಜವಾದ ಸಹನೆಯ ಸ್ಥಾನವು ಅಲ್ಲಿಯೇ. ಮಾಡಬೇಕಾದುದನ್ನೆಲ್ಲ ಮಾಡಿದ ಬಳಿಕ ಉಳಿದುದನ್ನು ಪ್ರಸಾದವೆಂದು ಒಪ್ಪಿ, ಅದರಿಂದ ಕಹಿಯಾಗದೆ, ನೋಯುವ ಇತರರ ವಿಷಯದಲ್ಲಿ ಇನ್ನಷ್ಟು ಮೃದುವಾಗಿ, ಸಾಧ್ಯವಾದಷ್ಟು ಕಾಯಕವನ್ನು ನಡೆಸುವುದು ಸಹನೆ. ಮಾಡಬಹುದಾದುದನ್ನು ಮಾಡದೆ ಕುಳಿತುಕೊಳ್ಳುವುದು ಉಪೇಕ್ಷೆ. ಹೊರಗಿನಿಂದ ಎರಡೂ ಒಂದೇ ಬಗೆಯ ಮೌನದಂತೆ ತೋರುವುವು. ಆದರೆ ಒಂದು ಮೌನವು ದೇಹವನ್ನು ಒಳಗೊಳಗೇ ಸವೆಸುವುದು, ಇನ್ನೊಂದು ಮೌನವು ಮನಸ್ಸನ್ನು ಮಾಗಿಸುವುದು.

ಆದುದರಿಂದ ಗೋಡೆಗೆ ಒರಗಿ ಕುಳಿತ ಆ ತಾಯಿಯನ್ನು ಸಹನೆಯ ಮೂರ್ತಿಯೆಂದು ಹೊಗಳಿ ಹೊರಟುಹೋಗುವುದು ಸಲ್ಲದು. ಹೊಗಳಿಕೆಯು ಆಕೆಯ ಬಾಯನ್ನು ಇನ್ನಷ್ಟು ಕಟ್ಟುವುದು. ಬಳಿಯಲ್ಲಿ ಕುಳಿತು, "ಎಲ್ಲಿ ನೋಯುವುದವ್ವಾ? ಇರುಳು ನಿದ್ರೆ ಬರುವುದೋ?" ಎಂದು ಕೇಳಬೇಕು, ಕೇಳಿ, ಆಕೆ ಹೇಳುವವರೆಗೆ ಕಾದಿರಬೇಕು. ಹಸಿದವನಿಗೆ ಅನ್ನವಿಕ್ಕುವುದು ಎಂತು ದಾಸೋಹವೋ, ನೊಂದವರ ಮಾತಿಗೆ ಕಿವಿಗೊಡುವುದೂ ಅಂತೆಯೇ ದಾಸೋಹವೆಂಬುದನ್ನು ಸದ್ಭಕ್ತರು ಮರೆಯದಿರಲಿ.